ಸಫೋಕ್ ತೀರದ ಗ್ರಾಮನಾಮಗಳು

ಲೋಕದಲ್ಲಿ ಕಾಣುವ ವಸ್ತುಗಳೆಲ್ಲವೂ ನಾಮರೂಪಾತ್ಮಕವಾದುವೆಂದು ಪ್ರಾಚೀನರು ಹೇಳಿರುವರು. ಇವೆರಡರಲ್ಲಿ ರೂಪವೇ ಗಟ್ಟಿಯಾದುದು, ನಾಮವು ಬರಿಯ ಉಸಿರು ಎಂದು ಜನಸಾಮಾನ್ಯರ ಎಣಿಕೆ. ಗೋಡೆ ಕಲ್ಲಿನದು, ಹೊಲ ಮಣ್ಣಿನದು. ಹೆಸರಾದರೋ ಬಾಯಿಂದ ಹೊರಟು ಗಾಳಿಯಲ್ಲಿ ಅಡಗತಕ್ಕದ್ದು. ಆದರೆ ಈ ಎಣಿಕೆಯನ್ನು ತಲೆಕೆಳಗು ಮಾಡುವ ಪ್ರದೇಶವೊಂದು ಇಂಗ್ಲೆಂಡಿನ ಪೂರ್ವತೀರದಲ್ಲಿದೆ. ಅಲ್ಲಿ ಕಲ್ಲಿನಿಂದ ಕಟ್ಟಿದ ಚರ್ಚುಗಳೂ ಗೋಪುರಗಳೂ ಕಡಲಿನ ಪಾಲಾಗಿವೆ. ಉಸಿರಿನಿಂದಾದ ಹೆಸರುಗಳು ಮಾತ್ರ ಸಾವಿರ ವರ್ಷಗಳಿಂದ ಉಳಿದು ಬಂದಿವೆ. ಆ ಹೆಸರುಗಳನ್ನು ಒಂದೊಂದಾಗಿ ವಿಚಾರಿಸಿ ನೋಡಿದರೆ, ಒಂದು ನಾಡಿನ ಚರಿತ್ರೆಯು ಶಾಸನಗಳಲ್ಲಿ ಅಡಗಿರುವಂತೆಯೇ ಊರ ಹೆಸರುಗಳಲ್ಲಿಯೂ ಹೇಗೆ ಅಡಗಿರುವುದೆಂಬುದು ವ್ಯಕ್ತವಾಗುವುದು.

ಆ ಪ್ರದೇಶಕ್ಕೆ ಸಫೋಕ್ ಎಂದು ಹೆಸರು. ಇದರ ಅರ್ಥ ‘ತೆಂಕಣ ಜನ’ ಎಂದು. ಇದರ ಉತ್ತರಕ್ಕೆ ನಾರ್ಫೋಕ್, ಎಂದರೆ ‘ಬಡಗಣ ಜನ’. ಎರಡೂ ಸೇರಿದ ಸೀಮೆಯೇ ಈಸ್ಟ್ ಆಂಗ್ಲಿಯ, ಅಂದರೆ ಪೂರ್ವದ ಆಂಗ್ಲರ ನಾಡು. ಸಫೋಕಿನ ಕಡಲ ತೀರದಲ್ಲಿ ಲೋಸ್ಟಾಫ್ಟ್ ಪಟ್ಟಣದಿಂದ ತೆಂಕಣಕ್ಕೆ ಆಲ್ಡ್‌ಬರದವರೆಗೆ ಸುಮಾರು ಇಪ್ಪತ್ತೈದು ಮೈಲಿಗಳ ದೂರವಿದೆ. ಈ ದಾರಿಯಲ್ಲಿ ಕೋವ್‌ಹೈದ್, ಈಸ್ಟನ್ ಬ್ಯಾವೆಂಟ್ಸ್, ರೇಡನ್, ಸೌತ್‌ವೋಲ್ಡ್, ವಾಲ್ಬರ್ಸ್‌ವಿಕ್, ಡನಿಚ್, ಸೈಜ್‌ವೆಲ್, ಥೋರ್ಪ್‌ನೆಸ್ ಎಂಬ ಊರುಗಳು ಮಣಿಸರದಂತೆ ಒಂದರ ಬಳಿಕ ಒಂದಾಗಿ ಬರುವುವು. ಬ್ಲೈಬರವೆಂಬುದು ಸ್ವಲ್ಪ ಒಳನಾಡಿನಲ್ಲಿ ಹೊಳೆಯ ದಡದಲ್ಲಿದೆ. ಒಂದೂರಿನಿಂದ ಮತ್ತೊಂದೂರಿಗೆ ಕಾಲ್ನಡೆಯಲ್ಲಿಯೇ ಹೋಗಬಹುದು.

ಈ ತೀರದಲ್ಲಿ ಗಟ್ಟಿಬಂಡೆ ಎಂಬುದಿಲ್ಲ. ಮರಳು, ಜೇಡಿ, ಗುಂಡುಗಲ್ಲು ಇವುಗಳಿಂದಾದ ಮೃದುವಾದ ದಡ. ಚಳಿಗಾಲದ ಬಿರುಗಾಳಿ ಎದ್ದಾಗ ಅಲೆಗಳು ದಡದ ಬುಡವನ್ನು ಕೊರೆಯುವುವು. ಮೇಲಿನ ನೆಲ ಕುಸಿಯುವುದು. ಹೀಗೆ ಕುಸಿದುದನ್ನು ಕಡಲು ನುಂಗಿ ಸುಮ್ಮನಾಗುವುದಿಲ್ಲ. ಅದನ್ನು ತೆಂಕಣಕ್ಕೆ ಸಾಗಿಸಿ ಹೊಳೆಗಳ ಅಳಿವೆಗೆ ಅಡ್ಡಲಾಗಿ ದಿಣ್ಣೆ ಕಟ್ಟುವುದು. ಆದುದರಿಂದ ಒಂದೂರಿನವರು ಕಳೆದುಕೊಂಡ ನೆಲವೇ ಮತ್ತೊಂದೂರಿನವರ ಬಂದರನ್ನು ಹೂಳುವುದು. ಈ ತೀರದ ಸುಖದುಃಖಗಳೆಲ್ಲಕ್ಕೂ ಮೂಲವಾದ ಸಂಗತಿ ಇದೇ.

ಇನ್ನು ಹೆಸರುಗಳ ವಿಚಾರ. ಇಲ್ಲಿ ಮೊದಲು ಒಂದೆರಡು ಎಚ್ಚರಿಕೆಯ ಮಾತುಗಳು ಅವಶ್ಯ. ಊರ ಹೆಸರು ಕಿವಿಗೆ ಹೇಗೆ ಕೇಳಿಸುವುದೋ ಹಾಗೆಯೇ ಅದರ ಅರ್ಥವೆಂದು ತಿಳಿಯುವುದು ಎಲ್ಲ ದೇಶಗಳಲ್ಲಿಯೂ ಇರುವ ದೌರ್ಬಲ್ಯ. ಸೈಜ್‌ವೆಲ್ ಎಂಬ ಮಾತನ್ನು ಇಂದಿನ ಇಂಗ್ಲಿಷು ಬಲ್ಲವನು ಕೇಳಿದರೆ ‘ಅಳತೆಯ ಬಾವಿ’ ಎಂದು ಅರ್ಥಮಾಡಿಯಾನು. ಸೌತ್‌ವೋಲ್ಡಿನ ಮುಂದಿರುವ ಕೊಲ್ಲಿಗೆ ಸೋಲ್ ಬೇ ಎಂದು ಹೆಸರಿರುವುದನ್ನು ಕಂಡು, ಸೋಲ್ ಎಂಬ ಮೀನು ಅಲ್ಲಿ ಹೇರಳವಾಗಿರಬೇಕೆಂದು ಊಹಿಸಿಯಾನು. ಎರಡೂ ತಪ್ಪೇ. ಸೈಜ್ ಎಂಬುದು ಒಬ್ಬ ಪುರುಷನ ಹೆಸರಿನ ಸವಕಲು ರೂಪ. ಸೋಲ್ ಎಂಬುದು ಸೌತ್‌ವೋಲ್ಡ್ ಎಂಬ ಹೆಸರೇ ನಾವಿಕರ ಬಾಯಲ್ಲಿ ಕುಗ್ಗಿದುದು.

ನಿರುಕ್ತಕಾರನಾದ ಯಾಸ್ಕನು, ಶಬ್ದದ ರೂಪವು ದಾರಿ ತೋರದಿದ್ದಾಗ ಅರ್ಥವನ್ನೇ ಮುಂದಿಟ್ಟುಕೊಂಡು ಪರೀಕ್ಷಿಸಬೇಕೆಂದೂ, ನಿರ್ವಚನವನ್ನು ಮಾತ್ರ ಕೈಬಿಡಕೂಡದೆಂದೂ ವಿಧಿಸಿದನು. ವೇದಶಬ್ದಗಳ ವಿಷಯದಲ್ಲಿ ಆ ಮಾರ್ಗವು ಸಲ್ಲುವುದು. ಏಕೆಂದರೆ ಅಲ್ಲಿ ಮಂತ್ರವಿದೆ, ಪ್ರಕರಣವಿದೆ, ಅವುಗಳಿಂದ ಅರ್ಥವನ್ನು ಗ್ರಹಿಸಬಹುದು. ಊರ ಹೆಸರಿಗಾದರೋ ಹಿಂದೆ ಮುಂದೆ ವಾಕ್ಯವಿಲ್ಲ. ಅದು ಒಂಟಿಯಾಗಿ ನಿಂತ ಪದ. ಆದುದರಿಂದ ಸ್ಥಳನಾಮಶಾಸ್ತ್ರಜ್ಞರು ಬೇರೆ ದಾರಿಯನ್ನು ಹಿಡಿದರು: ಆ ಹೆಸರನ್ನು ಅತ್ಯಂತ ಹಳೆಯ ಬರಹಗಳಲ್ಲಿ ಯಾವ ಅಕ್ಷರಗಳಿಂದ ಬರೆದಿದ್ದಾರೆಂಬುದನ್ನು ಹುಡುಕುವುದು, ಬಳಿಕ ಆ ಊರಿನ ನೆಲ ನೀರುಗಳ ಇರವನ್ನು ಕಂಡು ತಾಳೆನೋಡುವುದು. ಸ್ಕೀಟ್ ಎಂಬ ಪಂಡಿತರು ಸಫೋಕಿನ ಊರ ಹೆಸರುಗಳ ಮೇಲೆ ಬರೆದ ಗ್ರಂಥವೊಂದು 1913ರಲ್ಲಿಯೇ ಪ್ರಕಟವಾಯಿತು. 1923ರಲ್ಲಿ ಇಂಗ್ಲಿಷ್ ಸ್ಥಳನಾಮಗಳ ಅಧ್ಯಯನಕ್ಕಾಗಿಯೇ ಒಂದು ಸಂಘವು ಸ್ಥಾಪಿತವಾಯಿತು. 1936ರಲ್ಲಿ ಏಕ್‌ವಾಲ್ ಎಂಬವರ ಕೋಶವು ಹೊರಬಂದಿತು. ಇಂಗ್ಲಿಷ್ ಊರುಗಳ ಹೆಸರುಗಳಿಗೆ ಪ್ರಮಾಣಗ್ರಂಥವೆನಿಸಿದ ಈ ಕೋಶವನ್ನು ರಚಿಸಿದವರು ಸ್ವೀಡನ್ ದೇಶದವರೆಂಬುದು ಗಮನಿಸತಕ್ಕ ವಿಷಯ. ಸ್ವಂತ ಊರ ಹೆಸರಿನ ಅರ್ಥವನ್ನು ಕೆಲವು ವೇಳೆ ದೂರದವರೇ ಪಕ್ಷಪಾತವಿಲ್ಲದೆ ಕಾಣಬಲ್ಲರು.

ಇಂತಹ ಶೋಧನೆಗೆ ಮುಖ್ಯ ಆಧಾರವಾದುದು 1086ರಲ್ಲಿ ನಾರ್ಮನ್ ದೊರೆ ವಿಲಿಯಮನು ಬರೆಯಿಸಿದ ಡೂಮ್ಸ್‌ಡೇ ಎಂಬ ಕಡತ. ಯಾವ ಊರಿನಲ್ಲಿ ಎಷ್ಟು ನೇಗಿಲು, ಎಷ್ಟು ಒಕ್ಕಲು, ಎಷ್ಟು ಕಂದಾಯ ಎಂಬುದೆಲ್ಲವೂ ಅದರಲ್ಲಿದೆ. ಕಂದಾಯಕ್ಕಾಗಿ ಬರೆದ ಲೆಕ್ಕವು ಭಾಷಾಶಾಸ್ತ್ರಕ್ಕೆ ನಿಧಿಯಾಗಿ ಪರಿಣಮಿಸಿತು.

ಲೋಸ್ಟಾಫ್ಟಿನಿಂದ ಆರಂಭಿಸೋಣ. ಡೂಮ್ಸ್‌ಡೇ ಕಡತದಲ್ಲಿ ಇದರ ರೂಪ ‘ಲೋಥುವಿಸ್ಟಾಫ್ಟ್’ ಎಂದಿದೆ. ಕೊನೆಯ ‘ಟಾಫ್ಟ್’ ಎಂಬುದು ಇಂಗ್ಲಿಷ್ ಶಬ್ದವಲ್ಲ. ಡೇನರ ಭಾಷೆಯಲ್ಲಿ ಮನೆಯ ನಿವೇಶನವೆಂದು ಅರ್ಥ. ಮೊದಲ ಭಾಗ ಹ್ಲೋಥ್‌ವೇರ್ ಎಂಬ ಡೇನನೊಬ್ಬನ ಹೆಸರು. ಒಂಬತ್ತನೆಯ ಶತಮಾನದಲ್ಲಿ ಡೇನರು ಕಡಲು ದಾಟಿ ಬಂದು ಈ ನಾಡನ್ನು ಸೂರೆಗೊಂಡರು. 869ರಲ್ಲಿ ಈಸ್ಟ್ ಆಂಗ್ಲಿಯದ ದೊರೆ ಎಡ್ಮಂಡನನ್ನು ಕೊಂದರು. ಸೂರೆಗಾರರಾಗಿ ಬಂದವರು ಬಳಿಕ ಒಕ್ಕಲಾಗಿ ನಿಂತರೆಂಬುದಕ್ಕೆ ‘ಟಾಫ್ಟ್’ ಎಂಬ ಈ ಒಂದು ಪದವೇ ಸಾಕ್ಷಿ. ಕತ್ತಿ ಹಿಡಿದವನು ನಿವೇಶನ ಕಟ್ಟಿಕೊಂಡಾಗ ಅವನ ಹೆಸರು ನೆಲಕ್ಕೆ ಅಂಟಿತು.

ಅಲ್ಲಿಂದ ತೆಂಕಣಕ್ಕೆ ಬಂದರೆ ಕೋವ್‌ಹೈದ್. ಈ ಊರಿಗೆ ಮೊದಲಿದ್ದ ಹೆಸರು ಇದಲ್ಲ. ನಾರ್ತ್ ಹೇಲ್ಸ್, ಎಂದರೆ ನೆಲದ ಮೂಲೆಗಳ ಬಡಗಣ ಊರು ಎಂದು. ಮುಂದೆ ಕೋವ್ ಎಂಬ ಮನೆತನದವರು ಇಲ್ಲಿ ಭೂಮಿ ಹೊಂದಿದರು; ‘ಹೈದ್’ ಎಂದರೆ ದೋಣಿಗಳು ತಂಗುವ ರೇವು. ಕೋವ್ ಮನೆತನದವರ ರೇವೇ ಕೋವ್‌ಹೈದ್. ಇಂದು ಆ ಮನೆತನವೂ ಇಲ್ಲ, ರೇವೂ ಇಲ್ಲ. ಸ್ಥಳೀಯರು ಈ ಹೆಸರನ್ನೂ ಸವೆಸಿ ‘ಕೋದಿ’ ಎಂದು ಕರೆಯುವ ವಾಡಿಕೆಯಿತ್ತು. ಅಲ್ಲಿ ಹಿಂದೆ ದೊಡ್ಡದೊಂದು ಚರ್ಚಿದ್ದಿತು. ಅದನ್ನು ದುರಸ್ತಿಯಲ್ಲಿಡುವುದು ಕುಗ್ಗಿದ ಊರಿನವರಿಗೆ ಸಾಧ್ಯವಾಗಲಿಲ್ಲ. 1672ರಲ್ಲಿ ಅವರು ಹಳೆಯ ಚರ್ಚಿನ ಸೂರಿಲ್ಲದ ಗೋಡೆಗಳ ನಡುವೆಯೇ ಹುಲ್ಲುಹೊದಿಕೆಯ ಚಿಕ್ಕ ಚರ್ಚೊಂದನ್ನು ಕಟ್ಟಿಕೊಂಡರು. ದೊಡ್ಡಪ್ಪನ ಅಂಗಿಯನ್ನು ತೊಟ್ಟ ಹುಡುಗನಂತೆ ಆ ಚಿಕ್ಕ ಕಟ್ಟಡವು ದೊಡ್ಡ ಪಾಳಿನ ಒಳಗೆ ಇಂದಿಗೂ ನಿಂತಿದೆ. ಅಲ್ಲಿಂದ ಕಡಲ ಕಡೆಗೆ ಹೋಗುವ ರಸ್ತೆಯು ಕಡಿದಾದ ದಡದ ಅಂಚಿನಲ್ಲಿ ಥಟ್ಟನೆ ನಿಂತುಬಿಡುವುದು. ಮುಂದಿನ ಭಾಗ ಕಡಲಿಗೆ ಸೇರಿಹೋಗಿದೆ. ಇಲ್ಲಿ ದಡವು ವರ್ಷಕ್ಕೆ ಸರಾಸರಿ ನಾಲ್ಕು ಮೀಟರಿಗೂ ಮಿಗಿಲಾಗಿ ಹಿಂಜರಿಯುತ್ತಿದೆ.

ನೆರೆಯ ಈಸ್ಟನ್ ಬ್ಯಾವೆಂಟ್ಸ್ ಎಂಬ ಹೆಸರಿನಲ್ಲಿ ಎರಡು ಪದರಗಳಿವೆ. ‘ಈಸ್ಟ್’ ಎಂದರೆ ಪೂರ್ವ. ‘ಟನ್’ ಎಂಬುದು ಬೇಲಿಯೊಳಗಿನ ಒಕ್ಕಲು, ಬಳಿಕ ಊರು. ಇದಿಷ್ಟು ಹಳೆಯ ಇಂಗ್ಲಿಷು. ಇಂಗ್ಲೆಂಡಿನಲ್ಲಿ ಈಸ್ಟನ್‌ಗಳು ಹಲವಿರುವುದರಿಂದ, ಇದನ್ನು ಬೇರ್ಪಡಿಸಿ ಹೇಳಲು, ಜಹಗೀರು ಪಡೆದ ನಾರ್ಮನ್ ಮನೆತನದ ಬ್ಯಾವೆಂಟ್ ಎಂಬ ಹೆಸರನ್ನು ಮುಂದೆ ಸೇರಿಸಿದರು. ಉತ್ತವನ ಭಾಷೆ ಮೊದಲು, ಒಡೆಯನ ಭಾಷೆ ಕೊನೆಗೆ. 1066ರ ಯುದ್ಧದ ಫಲವನ್ನು ಇಷ್ಟು ಸಂಗ್ರಹವಾಗಿ ಹೇಳುವ ಚರಿತ್ರೆಯ ಪುಸ್ತಕ ಬೇರೊಂದಿರಲಾರದು. ಮಧ್ಯಯುಗದಲ್ಲಿ ಇಂಗ್ಲೆಂಡಿನ ಅತ್ಯಂತ ಪೂರ್ವದ ನೆಲ ಇದೇ ಆಗಿದ್ದಿತು. ಇಂದು ಆ ಭೂಶಿರವು ಕಡಲೊಳಗಿದೆ. ಅತ್ಯಂತ ಪೂರ್ವದ ಸ್ಥಳವೆಂಬ ಬಿರುದು ಲೋಸ್ಟಾಫ್ಟಿಗೆ ಸಂದಿದೆ. ಹೆಸರು ಮಾತ್ರ ತನ್ನ ಹಳೆಯ ಹಕ್ಕನ್ನು ಬಿಟ್ಟುಕೊಟ್ಟಿಲ್ಲ.

ಸಂಸ್ಕೃತಜ್ಞರಾದ ವಾಚಕರಿಗೆ ಇಲ್ಲೊಂದು ಕುತೂಹಲದ ವಿಷಯವಿದೆ. 1786ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸ್ ಅವರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹೊರಟಿರಬೇಕೆಂದು ಸಾರಿದರು. ಇಂಗ್ಲಿಷ್, ಡೇನಿಷ್ ಮೊದಲಾದ ಭಾಷೆಗಳಿಗೂ ಆ ಕುಲವೇ ಮೂಲವೆಂಬುದು ಬಳಿಕ ಸ್ಥಿರಪಟ್ಟಿತು. ಈ ಬಾಂಧವ್ಯವು ಸಫೋಕಿನ ಊರ ಹೆಸರುಗಳಲ್ಲಿಯೂ ಇಣುಕುವುದು. ‘ಈಸ್ಟ್’ ಎಂಬ ಶಬ್ದಕ್ಕೂ ‘ಉಷಸ್’ ಎಂಬುದಕ್ಕೂ ಧಾತು ಒಂದೇ. ಬೆಳಗಾಗುವ ದಿಕ್ಕೇ ಪೂರ್ವ. ಹ್ಲೋಥ್‌ವೇರನ ಹೆಸರಿನ ಮೊದಲ ಭಾಗವು ‘ಶ್ರುತ’ ಎಂಬ ಶಬ್ದದ ನಂಟು, ಪ್ರಖ್ಯಾತನೆಂದು ಅರ್ಥ. ಆದರೆ ಇಲ್ಲಿಯೂ ಮೇಲೆ ಹೇಳಿದ ಎಚ್ಚರಿಕೆ ಸಲ್ಲುವುದು. ಈ ನಂಟುಗಳು ಕಿವಿಗೆ ಹೊಂದುವುವೆಂಬ ಕಾರಣದಿಂದ ಸಿದ್ಧವಾದುವಲ್ಲ. ಅಕ್ಷರವಿಕಾರಗಳ ನಿಯಮಗಳನ್ನು ನೂರಾರು ಶಬ್ದಗಳಲ್ಲಿ ಪರೀಕ್ಷಿಸಿ ಸ್ಥಾಪಿಸಿದುವು. ‘ಶ್ರುತ’ಕ್ಕೂ ‘ಹ್ಲೋಥ್’ಗೂ ಕೇಳುವುದಕ್ಕೆ ಹೋಲಿಕೆಯೇ ಇಲ್ಲ, ಆದರೂ ಅವು ದಾಯಾದಿಗಳು. ಹೋಲಿಕೆಯಿರುವ ಎಷ್ಟೋ ಶಬ್ದಗಳು ಪರಸ್ಪರ ಅಪರಿಚಿತರು.

ಈಸ್ಟನ್ನಿನ ಪಕ್ಕದ ರೇಡನ್ ಎಂಬುದು ರೈ ಎಂಬ ಧಾನ್ಯವನ್ನು ಬೆಳೆಯುತ್ತಿದ್ದ ದಿನ್ನೆ. ಸೌತ್‌ವೋಲ್ಡ್ ಎಂದರೆ ತೆಂಕಣ ಕಾಡು. ಈಗ ಅಲ್ಲಿ ಕಾಡಿನ ಸುಳಿವಿಲ್ಲ. ಸಮುದ್ರಕ್ಕೆ ಮುಖಮಾಡಿದ ಅಂದವಾದ ಚಿಕ್ಕ ಪಟ್ಟಣ. ಡೂಮ್ಸ್‌ಡೇ ಕಾಲದಲ್ಲಿ ಇದು ಮೀನುಗಾರರ ಹಳ್ಳಿ. ಬೆರಿ ಸೇಂಟ್ ಎಡ್ಮಂಡ್ಸ್ ಎಂಬಲ್ಲಿಯ ಮಠಕ್ಕೆ ವರ್ಷಕ್ಕೆ 25,000 ಹೆರಿಂಗ್ ಮೀನುಗಳನ್ನು ಕಾಣಿಕೆಯಾಗಿ ಸಲ್ಲಿಸಬೇಕಾಗಿದ್ದಿತು. 1659ರಲ್ಲಿ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟುಹೋಯಿತು. ಮತ್ತೆ ಕಟ್ಟುವಾಗ ನಡುನಡುವೆ ಹಸುರು ಬಯಲುಗಳನ್ನು ಬಿಟ್ಟರು. ಬೆಂಕಿ ಒಂದು ಕೇರಿಯಿಂದ ಇನ್ನೊಂದಕ್ಕೆ ಹಾಯದಿರಲೆಂದು ಹಾಗೆ ಬಿಟ್ಟರೆಂದು ಹೇಳುವುದುಂಟು. ಆ ಬಯಲುಗಳೇ ಇಂದು ಊರಿಗೆ ಭೂಷಣ. 1672ರಲ್ಲಿ ಡಚ್ಚರ ನೌಕಾಪತಿ ಡಿ ರೊಯ್ಟರನು ಇಂಗ್ಲಿಷ್ ಫ್ರೆಂಚ್ ಹಡಗುಗಳ ಮೇಲೆ ಬಿದ್ದುದು ಈ ಊರಿನ ಮುಂದಣ ಕೊಲ್ಲಿಯಲ್ಲಿಯೇ; ಸೋಲ್ ಬೇ ಯುದ್ಧವೆಂದು ಅದಕ್ಕೆ ಪ್ರಸಿದ್ಧಿ.

ಸೌತ್‌ವೋಲ್ಡಿನಿಂದ ಬ್ಲೈದ್ ಹೊಳೆಯನ್ನು ದಾಟಿದರೆ ವಾಲ್ಬರ್ಸ್‌ವಿಕ್. ಕೊನೆಯ ‘ವಿಕ್’ ಎಂಬುದು ಲ್ಯಾಟಿನ್ನಿನ ‘ವೀಕುಸ್’ ಎಂಬುದರಿಂದ ಬಂದುದು. ಸಂಸ್ಕೃತದ ‘ವಿಶ್’, ‘ವೇಶ’ ಎಂಬುವುಗಳು ಇದರ ಸೋದರ ಶಬ್ದಗಳು. ಜನರು ನೆಲಸಿದ ಠಾವೆಂದು ಅರ್ಥ. ಮೊದಲ ಭಾಗ ವಾಲ್ಡ್‌ಬೆರ್ಟ್ ಎಂಬ ರೈತನದು. ‘ಬೆರ್ಟ್’ ಎಂದರೆ ತೇಜಸ್ವಿ. ‘ಭ್ರಾಜ್’ ಧಾತುವಿನ ಬಂಧು. ಆತನು ಯಾರು, ಎಂದು ಬಾಳಿದನು, ಯಾವ ಬೆಳೆ ಬೆಳೆದನು, ಯಾವ ಚರಿತ್ರೆಯೂ ಹೇಳದು. ಅವನ ಕಾಲದ ದೊರೆಗಳ ಹೆಸರುಗಳನ್ನು ವಿದ್ವಾಂಸರು ಮಾತ್ರ ಬಲ್ಲರು. ಇವನ ಹೆಸರನ್ನಾದರೋ ಇಂದು ಅಂಚೆಯವನೂ ದೋಣಿಯವನೂ ದಿನವೂ ಉಚ್ಚರಿಸುವರು. ಈ ಊರಿನ ಚರ್ಚಿನ ಗೋಪುರಕ್ಕಾಗಿ 1426ರಲ್ಲಿ ಕಲ್ಲುಕುಟಿಗರೊಡನೆ ಬರೆದುಕೊಂಡ ಕರಾರುಪತ್ರವು ಉಳಿದುಬಂದಿದೆ. ಊರು ಉಚ್ಛ್ರಾಯದಲ್ಲಿದ್ದ ಕಾಲವದು. 1695ರ ವೇಳೆಗೆ ಇಲ್ಲಿಯೂ ಕೋವ್‌ಹೈದಿನ ಗತಿಯೇ ಬಂದಿತು: ದೊಡ್ಡ ಚರ್ಚನ್ನು ಬಿಚ್ಚಿ, ಅದೇ ಸಾಮಗ್ರಿಯಿಂದ ಒಂದು ಮೂಲೆಯಲ್ಲಿ ಚಿಕ್ಕದನ್ನು ಮಾಡಿಕೊಂಡರು.

ಅದೇ ಹೊಳೆಯ ಮೇಲಣ ಬ್ಲೈಬರವು ಬ್ಲೈದ್ ಹೊಳೆಯ ದುರ್ಗ. ‘ಬ್ಲೈದ್’ ಎಂದರೆ ಪ್ರಸನ್ನವಾದುದು, ಸೌಮ್ಯವಾದುದು. ದುರ್ಗವೆಂಬ ಅರ್ಥದ ‘ಬುರ್ಹ್’ ಶಬ್ದವನ್ನು ಉನ್ನತವೆಂಬ ಅರ್ಥದ ‘ಬೃಹತ್’ ಶಬ್ದದೊಡನೆ ಕೂಡಿಸುವರು. ಏಳನೆಯ ಶತಮಾನದ ನಡುವೆ ಈಸ್ಟ್ ಆಂಗ್ಲಿಯದ ದೊರೆ ಅನ್ನನು ಇದರ ಸಮೀಪದಲ್ಲಿ ಯುದ್ಧದಲ್ಲಿ ಮಡಿದನೆಂದು ಐತಿಹ್ಯ. ಪ್ರಸನ್ನವೆಂಬ ಹೆಸರಿನ ಹೊಳೆಯ ದಡದಲ್ಲಿಯೂ ರಕ್ತ ಹರಿಯದೆ ಉಳಿಯಲಿಲ್ಲ.

ಈ ಊರುಗಳೆಲ್ಲಕ್ಕೂ ಹಿರಿಯದಾಗಿ ಮೆರೆದುದು, ಎಲ್ಲಕ್ಕಿಂತ ಹೆಚ್ಚಾಗಿ ಅಳಿದುದು ಡನಿಚ್. ಬರೆಯುವಾಗ ಇದರಲ್ಲಿಯೂ ಒಂದು ‘ವಿಚ್’ ಕಾಣುವುದು. ಅದು ಮೇಲೆ ಹೇಳಿದ ‘ವಿಕ್’ ಎಂಬುದೇ. ಮೊದಲ ಭಾಗದ ವಿಷಯದಲ್ಲಿ ಪಂಡಿತರಲ್ಲಿ ಏಕಮತ್ಯವಿಲ್ಲ. 731ರಲ್ಲಿ ತನ್ನ ಚರಿತ್ರೆಯನ್ನು ಮುಗಿಸಿದ ಬೀಡನೆಂಬ ಸಂನ್ಯಾಸಿಯು, ಫೆಲಿಕ್ಸ್ ಎಂಬ ಬಿಷಪ್ಪನು ಪೂರ್ವದ ಆಂಗ್ಲರಿಗೆ ಕ್ರೈಸ್ತಮತವನ್ನು ಬೋಧಿಸುತ್ತ ಡೊಮ್ಮೊಕ್ ಎಂಬಲ್ಲಿ ಪೀಠವನ್ನು ಹೊಂದಿ ಹದಿನೇಳು ವರ್ಷಗಳಿದ್ದನೆಂದು ಬರೆದಿದ್ದಾನೆ. ಆ ಡೊಮ್ಮೊಕ್ಕೇ ಡನಿಚ್ ಎಂದು ಬಹುಕಾಲದಿಂದ ನಂಬಿಕೆ. ಹಾಗಾದರೆ ಹೆಸರಿನ ಮೂಲವು ಇಂಗ್ಲಿಷರಿಗಿಂತ ಹಿಂದಿನ ಕೆಲ್ಟರ ಭಾಷೆಯಲ್ಲಿ ಆಳವಾದ ನೀರೆಂಬ ಅರ್ಥದ್ದಾಗಬಹುದು. ಡೊಮ್ಮೊಕ್ ಇನ್ನೂ ತೆಂಕಣದ ವಾಲ್ಟನ್ ಕೋಟೆಯೆಂದು ವಾದಿಸುವವರೂ ಇದ್ದಾರೆ. ಕೋಟೆಯೂ ಕಡಲೊಳಗಿದೆ, ಹಳೆಯ ಡನಿಚ್ಚೂ ಕಡಲೊಳಗಿದೆ. ಎರಡು ಪಕ್ಷಗಳ ಸಾಕ್ಷಿಗಳೂ ನೀರಿನ ಪಾಲಾದ ಮೇಲೆ ತೀರ್ಪು ಹೇಳುವವರು ಯಾರು?

ಡೂಮ್ಸ್‌ಡೇ ಕಡತವು ಡನಿಚ್ಚಿನ ವಿಷಯದಲ್ಲಿ ಹೇಳುವ ಮಾತು ಗಂಭೀರವಾದುದು. ಹಿಂದಿನ ದೊರೆಯ ಕಾಲದಲ್ಲಿ 120 ಮಂದಿಯಿದ್ದ ಪೌರರು 1086ರಲ್ಲಿ 236 ಮಂದಿ; ಒಂದಿದ್ದ ಚರ್ಚು ಮೂರಾಗಿದ್ದಿತು. ಊರು ಇಮ್ಮಡಿಯಾಗಿ ಬೆಳೆಯುತ್ತಿದ್ದಿತು. ಅದೇ ಲೆಕ್ಕದಲ್ಲಿ ಇನ್ನೊಂದು ಮಾತೂ ಇದೆ: ಒಂದು ವರ್ಷದಲ್ಲಿ ಒಂದು ನೇಗಿಲ ಜೋಡಿ ಉಳಬಹುದಾದಷ್ಟು ನೆಲ ಮೊದಲು ಎರಡು ಪಾಲಿದ್ದಿತು, ಈಗ ಒಂದೇ ಪಾಲು; ಇನ್ನೊಂದನ್ನು ಸಮುದ್ರವು ಕೊಂಡೊಯ್ದಿತು. ಗುಮಾಸ್ತನು ಇದನ್ನು ಜಮಾಖರ್ಚಿನ ಒಂದು ಬಾಬಿನಂತೆ ಬರೆದು ಮುಂದೆ ಹೋದನು. ಊರಿನವರೂ ಅಷ್ಟೇ ಲಘುವಾಗಿ ಭಾವಿಸಿದಂತೆ ತೋರುತ್ತದೆ. ಸಂಪತ್ತು ಬೆಳೆಯುತ್ತಿರುವಾಗ ನೆಲ ಸವೆಯುವುದನ್ನು ಯಾರು ನೋಡುವರು? 1199ರಲ್ಲಿ ಜಾನ್ ದೊರೆಯಿಂದ ಪೌರಾಧಿಕಾರದ ಸನ್ನದನ್ನು ಪಡೆದರು. ಹಡಗುಗಳು ಬಂದುವು, ಚರ್ಚುಗಳು ಎದ್ದುವು, ಸಂನ್ಯಾಸಿಗಳ ಮಠಗಳು ನೆಲಸಿದುವು.

1286-87ರ ಚಳಿಗಾಲದ ಬಿರುಗಾಳಿಯಲ್ಲಿ ಊರಿನ ಪೂರ್ವಭಾಗವು ಕುಸಿಯಿತು. ಕಡಲಿಗೆ ಸಮೀಪವಿದ್ದ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಒಳಗಣ ಎತ್ತರದ ನೆಲಕ್ಕೆ ಮಠವನ್ನು ಸಾಗಿಸಿದರು. 1328ರ ಜನವರಿಯ ಬಿರುಗಾಳಿ ಇನ್ನೂ ಕ್ರೂರವಾದುದು. ಅದು ಮನೆಗಳನ್ನಲ್ಲ, ಜೀವನೋಪಾಯವನ್ನೇ ಕಸಿಯಿತು. ಗುಂಡುಗಲ್ಲಿನ ದಿಣ್ಣೆಯೊಂದು ಬಂದರಿನ ಬಾಯನ್ನು ಮುಚ್ಚಿಬಿಟ್ಟಿತು. ಆ ತನಕ ಡನಿಚ್ಚಿನ ಬಳಿ ಕಡಲು ಸೇರುತ್ತಿದ್ದ ಬ್ಲೈದ್ ಹೊಳೆಯು ಬಡಗಣದಲ್ಲಿ ವಾಲ್ಬರ್ಸ್‌ವಿಕ್ಕಿನ ಕಡೆಗೆ ಬೇರೆ ಅಳಿವೆಯನ್ನು ತೆರೆದುಕೊಂಡಿತು. ಹಡಗುಗಳು ಹೊಳೆಯನ್ನು ಹಿಂಬಾಲಿಸಿದುವು. ಸುಂಕವು ತಮ್ಮದೆಂದು ಡನಿಚ್ಚಿನವರು ಸನ್ನದನ್ನು ತೋರಿಸಿದರು. ಹಡಗು ತಮ್ಮಲ್ಲಿಗೆ ಬರುವುದೆಂದು ನೆರೆಯೂರಿನವರು ಹೊಳೆಯನ್ನು ತೋರಿಸಿದರು. ಈ ವ್ಯಾಜ್ಯವು ತಲೆಮಾರುಗಳವರೆಗೆ ನಡೆಯಿತು. ಕೈಯಲ್ಲಿ ಹೆಸರಿನ ಪತ್ರವಿದ್ದವರಿಗೂ ಮನೆಬಾಗಿಲಲ್ಲಿ ನೀರಿದ್ದವರಿಗೂ ನಡೆದ ಜಗಳವದು. 1590ರಲ್ಲಿ ಸೌತ್‌ವೋಲ್ಡಿಗೂ ವಾಲ್ಬರ್ಸ್‌ವಿಕ್ಕಿಗೂ ನಡುವೆ ಈಗಿರುವ ಅಳಿವೆಯನ್ನು ಕಡಿದ ಮೇಲೆ ಡನಿಚ್ಚಿನ ಆಸೆ ಪೂರ್ತಿಯಾಗಿ ಬತ್ತಿತು.

ಅಲ್ಲಿಂದ ಮುಂದೆ ಚರ್ಚುಗಳು ಒಂದೊಂದಾಗಿ ಹೋದುವು. ಸೌತ್‌ವೋಲ್ಡಿನ ಗಾರ್ಡನರ್ ಎಂಬವರು 1754ರಲ್ಲಿ ಈ ಮೂರು ಊರುಗಳ, ಎಂದರೆ ಡನಿಚ್, ಬ್ಲೈಬರ, ಸೌತ್‌ವೋಲ್ಡ್‌ಗಳ ಚರಿತ್ರೆಯನ್ನು ಬರೆದು, 1740ರ ಭೀಕರ ಬಿರುಗಾಳಿಯನ್ನು ಅದರಲ್ಲಿ ವರ್ಣಿಸಿದರು. ಅವರು ಬರೆಯದಿದ್ದರೆ ಎಷ್ಟೋ ಬೀದಿಗಳ ಹೆಸರುಗಳು ಇಂದು ತಿಳಿಯುತ್ತಿರಲಿಲ್ಲ. ಕೊನೆಗೆ ಉಳಿದುದು ಆಲ್ ಸೇಂಟ್ಸ್ ಎಂಬ ಚರ್ಚು. ಅದು 1904ರಲ್ಲಿ ದಡದ ಅಂಚಿಗೆ ಬಂದಿತು. 1919ರ ವೇಳೆಗೆ ಗೋಪುರವೂ ಕೆಳಗುರುಳಿತು. ಅದರ ಗೋಡೆಗೆ ಆಸರೆಯಾಗಿದ್ದ ಕಂಬವೊಂದನ್ನು ಮಾತ್ರ ಉಳಿಸಿ, ಒಳಗಣ ಹೊಸ ಚರ್ಚಿನ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಬಿರುಗಾಳಿಯ ರಾತ್ರಿಗಳಲ್ಲಿ ಮುಳುಗಿದ ಚರ್ಚುಗಳ ಗಂಟೆ ಕಡಲೊಳಗಿನಿಂದ ಕೇಳಿಬರುವುದೆಂಬ ಕಥೆ ಹಬ್ಬಿದೆ. ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಶೋಧಕರು ಧ್ವನಿತರಂಗಗಳನ್ನು ನೀರಿಗೆ ಬಿಟ್ಟು, ಕದಡಿದ ಕಡಲಿನ ತಳದಲ್ಲಿ ಬಿದ್ದಿರುವ ಕಟ್ಟಡಗಳ ಕಲ್ಲುರಾಶಿಗಳನ್ನು ಗುರುತಿಸಿ, ಮುಳುಗಿದ ಪಟ್ಟಣದ ನಕ್ಷೆಯನ್ನು 2013ರಲ್ಲಿ ಪ್ರಕಟಿಸಿದರು. ಗಂಟೆ ಕೇಳಿಸಲಿಲ್ಲ, ಬೀದಿಗಳು ತೋರಿದುವು. 2011ರ ಜನಗಣತಿಯಲ್ಲಿ ಡನಿಚ್ಚಿನ ಜನಸಂಖ್ಯೆ ಇನ್ನೂರನ್ನೂ ಮುಟ್ಟಲಿಲ್ಲ.

ಇಲ್ಲಿಯವರೆಗೆ ಹೆಸರಿನ ಮಹಿಮೆಯನ್ನು ಹೇಳಿದುದಾಯಿತು. ಅದರ ಮತ್ತೊಂದು ಮುಖವನ್ನೂ ನೋಡದಿದ್ದರೆ ವಿಚಾರವು ಏಕಪಕ್ಷವಾದೀತು. ಡನಿಚ್ ಪಟ್ಟಣವು ಪಾರ್ಲಿಮೆಂಟಿಗೆ ಇಬ್ಬರು ಪ್ರತಿನಿಧಿಗಳನ್ನು ಕಳುಹಿಸುವ ಹಕ್ಕನ್ನು ಹೊಂದಿದ್ದಿತು. ಪಟ್ಟಣವು ಹೋಯಿತು, ಹಕ್ಕು ಹೋಗಲಿಲ್ಲ. ಲಕ್ಷಾಂತರ ಜನರಿದ್ದ ಹೊಸ ಕೈಗಾರಿಕಾ ಪಟ್ಟಣಗಳಿಗೆ ಒಬ್ಬ ಪ್ರತಿನಿಧಿಯೂ ಇಲ್ಲದಿದ್ದಾಗ, ಮೀನುಗಳಿಗೆ ಮನೆಯಾದ ಬೀದಿಗಳ ಪರವಾಗಿ ಇಬ್ಬರು ಸಭೆಯಲ್ಲಿ ಕುಳಿತಿದ್ದರು. 1832ರ ಸುಧಾರಣಾ ಶಾಸನವು ಈ ಅನ್ಯಾಯವನ್ನು ತೊಡೆಯಿತು. ರೂಪವು ಹೋದ ಮೇಲೆ ಬರಿಯ ನಾಮವನ್ನು ಹಿಡಿದು ಭೋಗಿಸುವವರು ಯಾವ ದೇಶದಲ್ಲಿಯೂ ಇಲ್ಲದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮನಮುಟ್ಟುವುದು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ, ಒಂದು ದ್ವೀಪದ ಕಡಲಂಚಿನಲ್ಲಿ, ಡನಿಚ್ ಎಂಬ ಊರಿದೆ. ಸಫೋಕಿನ ಸ್ಟ್ರಾಡ್‌ಬ್ರೋಕ್ ಪ್ರಭುಗಳ ಕುಟುಂಬದ ನೌಕಾಧಿಕಾರಿಯೊಬ್ಬರು 1827ರಲ್ಲಿ ಆ ಭಾಗಕ್ಕೆ ಬಂದಾಗ, ಅವರ ಮನೆತನದ ಗೌರವಾರ್ಥವಾಗಿ ದ್ವೀಪಕ್ಕೆ ಸ್ಟ್ರಾಡ್‌ಬ್ರೋಕ್ ಎಂದೂ, ಊರಿಗೆ ಆ ಮನೆತನದ ಮತ್ತೊಂದು ಬಿರುದಾದ ಡನಿಚ್ ಎಂದೂ ಹೆಸರಿಟ್ಟರು. ಆದರೆ ಆ ನೆಲವು ಹೆಸರಿಲ್ಲದ ನೆಲವಾಗಿರಲಿಲ್ಲ. ಅಲ್ಲಿಯ ಮೂಲನಿವಾಸಿಗಳಾದ ಕ್ವಾಂಡಮೂಕಾ ಜನರಿಗೆ ಆ ದ್ವೀಪವು ಮಿಂಜೆರಿಬಾ, ಆ ಊರು ಗೂಂಪಿ. ಒಂದು ತೀರದಲ್ಲಿ ಕಡಲೂ ಅಳಿಸಲಾರದ ಹೆಸರು, ಮತ್ತೊಂದು ತೀರದಲ್ಲಿ ಬೇರೊಂದು ಹೆಸರನ್ನು ಮುಚ್ಚುವ ಅಲೆಯಾಯಿತು. 2011ರಲ್ಲಿ ಅಲ್ಲಿಯ ನ್ಯಾಯಾಲಯವು ಆ ಜನರಿಗೆ ನೆಲದ ಮೇಲಿರುವ ಮೂಲಹಕ್ಕನ್ನು ಮನ್ನಿಸಿತು. ಮಿಂಜೆರಿಬಾ ಎಂಬ ಹೆಸರು ಇಂದು ಮತ್ತೆ ಬರಹದಲ್ಲಿ ಕಾಣಿಸಿಕೊಳ್ಳುತ್ತಿದೆ.

ಮತ್ತೆ ಸಫೋಕಿಗೆ ಬಂದರೆ, ಡನಿಚ್ಚಿನ ತೆಂಕಣಕ್ಕೆ ಸೈಜ್‌ವೆಲ್. ‘ವೆಲ್’ ಎಂದರೆ ಊಟೆ; ‘ಸೈಜ್’ ಎಂಬುದು ‘ಸಿಗೆ’, ಎಂದರೆ ಜಯ, ಎಂದು ಆರಂಭವಾಗುವ ಪುರುಷನಾಮ. ಸಂಸ್ಕೃತದ ‘ಸಹಸ್’ ಶಬ್ದವು ಇದರ ಬಂಧು. ಯಾವನೋ ಒಬ್ಬ ಜಯಶೀಲನ ಊಟೆಯ ಬಳಿ 1966ರಿಂದ ಅಣುಶಕ್ತಿಯ ವಿದ್ಯುದಾಗಾರಗಳು ಬಂದಿವೆ. ಇಂಗ್ಲೆಂಡಿನಲ್ಲಿ ಆ ಹೆಸರನ್ನು ಕೇಳಿದವರಿಗೆ ನೀರು ನೆನಪಾಗುವುದಿಲ್ಲ. ಥೋರ್ಪ್‌ನೆಸ್ ಎಂಬುದರಲ್ಲಿ ‘ಥೋರ್ಪ್’ ಎಂದರೆ ಕೊಪ್ಪಲು. ‘ನೆಸ್’ ಎಂದರೆ ಭೂಶಿರ. ಕಡಲಿಗೆ ಚಾಚಿದ ನೆಲವನ್ನು ಮೂಗೆಂದು ಕಂಡವರ ಮಾತಿದು. ‘ನಾಸಾ’ ಶಬ್ದದೊಡನೆ ಇದರ ನಂಟು ಸ್ಪಷ್ಟ.

ಕೊನೆಯದಾಗಿ ಆಲ್ಡ್‌ಬರ, ಎಂದರೆ ಹಳೆಯ ದುರ್ಗ. ಅದರ ಪಕ್ಕದಲ್ಲಿ ಹರಿಯುವ ಹೊಳೆಗೆ ಆಲ್ಡ್ ಎಂದು ಹೆಸರು. ಬ್ಲೈದ್ ಹೊಳೆಯಿಂದ ಬ್ಲೈಬರವಾದಂತೆ ಆಲ್ಡ್ ಹೊಳೆಯಿಂದ ಆಲ್ಡ್‌ಬರವಾಯಿತೆಂದು ಯಾರಾದರೂ ಹೇಳಿಯಾರು. ಸತ್ಯವು ಇದರ ವಿಪರ್ಯಾಸ. ಜನರು ಊರ ಹೆಸರನ್ನು ಕೇಳಿ, ಅದರಲ್ಲಿ ಹೊಳೆಯ ಹೆಸರು ಇರಬೇಕೆಂದು ಭಾವಿಸಿ, ಹೊಳೆಗೆ ಆಲ್ಡ್ ಎಂದು ಹೆಸರಿಟ್ಟರು. ಆ ಹೊಳೆಯು ಕಡಲಿನ ತೀರ ಸಮೀಪಕ್ಕೆ ಬಂದು, ಗುಂಡುಗಲ್ಲಿನ ದಿಣ್ಣೆ ಅಡ್ಡಬರಲು ತೆಂಕಣಕ್ಕೆ ತಿರುಗಿ ಮೈಲಿಗಟ್ಟಲೆ ಹರಿಯುವುದು. ಮುಂದೆ ಓರ್‌ಫರ್ಡ್ ಎಂಬ ಊರನ್ನು ಮುಟ್ಟುವಾಗ ಅದಕ್ಕೆ ಓರ್ ಎಂದು ಹೆಸರು. ಅದೂ ಊರಿನಿಂದಲೇ ಬಂದುದು. ಮಕ್ಕಳು ತಾಯಿಗೆ ಹೆಸರಿಟ್ಟಂತಾಯಿತು.

ಹೊಳೆಯ ಹೆಸರು ಮನುಷ್ಯನಿಗೆ ಹೋದುದೂ ಈ ಸೀಮೆಯಲ್ಲಿ ಉಂಟು. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಜನಿಸಿದ ಎರಿಕ್ ಬ್ಲೇರ್ ಎಂಬವರ ಕುಟುಂಬವು 1921ರಲ್ಲಿ ಸೌತ್‌ವೋಲ್ಡಿಗೆ ಬಂದು ನೆಲಸಿತು. ಅವರು 1933ರಲ್ಲಿ ತಮ್ಮ ಮೊದಲ ಪುಸ್ತಕವನ್ನು ಹೊರತರುವಾಗ ಸ್ವಂತ ಹೆಸರನ್ನು ಬಿಟ್ಟು, ಸಫೋಕಿನ ತೆಂಕಣ ಭಾಗದಲ್ಲಿ ಹರಿಯುವ ಆರ್ವೆಲ್ ಎಂಬ ಹೊಳೆಯ ಹೆಸರನ್ನು ಧರಿಸಿದರು. ಜಾರ್ಜ್ ಆರ್ವೆಲ್ ಎಂಬ ಹೆಸರನ್ನು ಬಲ್ಲವರಲ್ಲಿ ಹೊಳೆಯನ್ನು ಬಲ್ಲವರು ವಿರಳ.

ಈ ಊರುಗಳ ವಿಚಾರದಿಂದ ಒಂದು ಮಾತು ನಿಶ್ಚಯವಾಗುವುದು. ಹೆಸರನ್ನು ಕಡಲು ಕೊಂಡೊಯ್ಯಲಾರದು. ಜನರು ಮಾತ್ರ ಕಳೆಯಬಲ್ಲರು. ನಾರ್ತ್ ಹೇಲ್ಸ್ ಎಂಬ ಹೆಸರನ್ನು ಯಾವ ಅಲೆಯೂ ಬಡಿಯಲಿಲ್ಲ. ಜನರು ಬೇರೊಂದನ್ನು ಆಡತೊಡಗಿದರು, ಅದು ಹೋಯಿತು. ಡನಿಚ್ಚಿನ ಮೇಲೆ ಆರೇಳು ಶತಮಾನಗಳ ಬಿರುಗಾಳಿ ಎರಗಿತು. ಜನರು ಆಡುವುದನ್ನು ಬಿಡಲಿಲ್ಲ, ಅದು ಉಳಿಯಿತು. ಈಸ್ಟನ್ ಬ್ಯಾವೆಂಟ್ಸ್‌ನಲ್ಲಿ 2020ರಲ್ಲಿ ದಡದ ಅಂಚಿಗೆ ಬಂದ ಮನೆಯೊಂದನ್ನು ಬೀಳುವ ಮುನ್ನವೇ ಕೆಡವಬೇಕಾಯಿತು. ಈಗ ಅಲ್ಲಿ ಉಳಿದಿರುವುದು ಕೆಲವೇ ಮನೆಗಳು. ಅವೂ ಹೋದ ದಿನ, ಬೆಳಗಾಗುವ ದಿಕ್ಕಿನ ಆ ಊರಿನ ಹೆಸರು ಬರಿಯ ಕಡತಗಳಿಗೆ ಸೇರುವುದೋ, ರೇಡನ್ನಿನವರ ಬಾಯಲ್ಲಿಯೂ ಸೌತ್‌ವೋಲ್ಡಿನವರ ಬಾಯಲ್ಲಿಯೂ ಬಾಳುವುದೋ, ಅದನ್ನು ತೀರ್ಮಾನಿಸತಕ್ಕವರು ನೆರೆಯೂರಿನವರು. ಒಂದೂರಿನ ಹೆಸರಿಗೆ ಕೊನೆಯ ಆಸರೆ ನೆರೆಯೂರೇ ಅಲ್ಲವೆ?